ಹಳೆಯ ಕಾರಿಗೊಂದು ಊರು ಬೇಕು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹಳೆಯ ಗಾಡಿಗಳ ಮಾತು ಬಂದರೆ ಹೆಚ್ಚುಕಡಿಮೆ ಒಂದೇ ತೀರ್ಪು ಕಿವಿಗೆ ಬೀಳುತ್ತದೆ: “ಆಗಿನ ಗಾಡಿ ಕಬ್ಬಿಣ ಸ್ವಾಮಿ, ಈಗಿನದು ಬರೀ ತಗಡು. ಒಂದು ಸ್ಪ್ಯಾನರ್ ಸೆಟ್ ಇದ್ರೆ ಮನೆ ಮುಂದೇನೇ ಎಲ್ಲಾ ರಿಪೇರಿ ಮಾಡ್ಕೋಬೋದಿತ್ತು.” ಅಂಬಾಸಿಡರ್, ಫಿಯಟ್, ಮಹೀಂದ್ರ ಜೀಪುಗಳ ಜೊತೆ ಬದುಕಿದವರೂ ಹೀಗೆ ಹೇಳುತ್ತಾರೆ. ಅಜ್ಜನ ಕಾರನ್ನು ಶೆಡ್ಡಿನಿಂದ ಹೊರಗೆಳೆದು ಮತ್ತೆ ಓಡಿಸಬೇಕೆಂದು ಹೊರಟ ಮೊಮ್ಮಕ್ಕಳೂ ಇದನ್ನೇ ನಂಬಿ ಕೆಲಸ ಶುರು ಮಾಡುತ್ತಾರೆ. ಆರು ತಿಂಗಳಾದ ಮೇಲೆ ಅಂಥ ಎಷ್ಟೋ ಕಾರುಗಳು ಇಟ್ಟಿಗೆಯ ಮೇಲೆ ಕೂತಿರುತ್ತವೆ. ಎಂಜಿನ್ನು ಅರ್ಧ ಬಿಚ್ಚಿರುತ್ತದೆ, ಬೋಲ್ಟುಗಳು ಯಾವುದೋ ಡಬ್ಬದಲ್ಲಿ ಕಲಸಿಹೋಗಿರುತ್ತವೆ. ಮಾಲೀಕರ ಸೋಮಾರಿತನವೇ ಇದಕ್ಕೆ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಅವರು ನಂಬಿದ ಮಾತಿನಲ್ಲೇ ಒಂದು ಗೊಂದಲವಿದೆ.

ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. ರೈಲು ಹಳಿ ಕಾಣದೆ ದಶಕಗಳನ್ನು ಕಳೆದ ಈ ತಾಲ್ಲೂಕುಗಳಲ್ಲಿ ಬಾಡಿಗೆ ಕಾರು, ಆಸ್ಪತ್ರೆಯ ಗಾಡಿ, ಮದುವೆಯ ಗಾಡಿ, ಚುನಾವಣೆಯ ಗಾಡಿ ಎಲ್ಲವೂ ಈ ಎರಡು ಮೂರು ಬಗೆಯ ವಾಹನಗಳೇ ಆಗಿದ್ದವು. ಪಾವಗಡದಿಂದ ಮಧುಗಿರಿಗೆ ಬರುವಾಗ ನಡುದಾರಿಯಲ್ಲಿ ಎಂಜಿನ್ನು ಕೆಮ್ಮಿ ನಿಂತರೆ ಡ್ರೈವರೇ ಬಾನೆಟ್ ಎತ್ತಿ, ಪ್ಲಗ್ಗು ಬಿಚ್ಚಿ ಒರೆಸಿ, ಪಾಯಿಂಟಿಗೆ ಉಪ್ಪುಕಾಗದ ಎಳೆದು, ಮತ್ತೆ ಸ್ಟಾರ್ಟ್ ಮಾಡುತ್ತಿದ್ದ. ಜನ ಇದನ್ನು ಕಣ್ಣಾರೆ ಕಂಡಿದ್ದಾರೆ. ಈಗ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತಿ ನಿಂತ ಕಾರನ್ನು ಟೋ ಮಾಡಿಸಿ ತುಮಕೂರಿಗೋ ಬೆಂಗಳೂರಿಗೋ ಒಯ್ಯಬೇಕು, ಬಿಲ್ಲು ಬಂದ ಮೇಲೂ ಆಗಿದ್ದೇನು ಎಂದು ತಿಳಿಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಹಳೆಯದೇ ಮೇಲು ಎಂದರೆ ಅದರಲ್ಲಿ ಅಚ್ಚರಿಯಿಲ್ಲ. ಆ ಮಾತಿನ ಬೆನ್ನಿಗೆ ಒಂದು ಘನವಾದ ಆಸೆಯೂ ಇದೆ: ನನ್ನ ಕೈಯಲ್ಲಿರುವ ಯಂತ್ರ ನನಗೆ ಅರ್ಥವಾಗಬೇಕು, ಅದು ಕೆಟ್ಟರೆ ನಾನು ಇನ್ನೊಬ್ಬರ ಬಾಗಿಲು ಕಾಯಬಾರದು. ಈ ಆಸೆಯನ್ನು ನಾನು ಗೌರವಿಸುತ್ತೇನೆ. ಅದು ಈಡೇರಬೇಕಾದರೆ ಏನೇನು ಇರಬೇಕು ಎಂಬ ಲೆಕ್ಕ ಮಾತ್ರ ತಪ್ಪಾಗಿದೆ.

ತೊಡಕೇನೆಂದರೆ, ಒಂದೇ ಉಸಿರಿನಲ್ಲಿ ಹೇಳುವ ಈ ಮಾತಿನೊಳಗೆ ಮೂರು ಬೇರೆ ಬೇರೆ ವಾದಗಳು ಸೇರಿಕೊಂಡಿವೆ.

1. ಹಳೆಯ ಕಾರು ಗಟ್ಟಿ, ಹೆಚ್ಚು ಕಾಲ ಬಾಳುತ್ತದೆ.
2. ಹಳೆಯ ಕಾರು ಸರಳ, ಬುದ್ಧಿ ಇರುವ ಯಾರಿಗಾದರೂ ಅದರ ಕೆಲಸ ಬರುತ್ತದೆ.
3. ಹಾಗಾಗಿ ಅದರ ರಿಪೇರಿ ಮನೆಯಲ್ಲೇ ಆಗುತ್ತದೆ.

ಮೊದಲನೆಯದಕ್ಕೆ ಪುರಾವೆ ಕೇಳಿದರೆ ಎರಡನೆಯದನ್ನು ಹೇಳುತ್ತಾರೆ, ಎರಡನೆಯದನ್ನು ಕೆದಕಿದರೆ ಮೂರನೆಯದಕ್ಕೆ ಜಾರುತ್ತಾರೆ. ಮೊದಲೆರಡು ಒಂದಕ್ಕೊಂದು ಎದುರಾಗಿವೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಗಾಡಿ ಅಷ್ಟು ಗಟ್ಟಿಯಾಗಿದ್ದರೆ ಪ್ರತಿಯೊಬ್ಬ ಡ್ರೈವರೂ ನಡುದಾರಿಯ ರಿಪೇರಿ ಕಲಿಯಬೇಕಾಗಿ ಬಂದದ್ದು ಏಕೆ? ಕಲಿತದ್ದಕ್ಕೆ ಕಾರಣ ಗಾಡಿ ಆಗಾಗ ನಿಲ್ಲುತ್ತಿತ್ತು ಎಂಬುದೇ.

ಗಟ್ಟಿತನದ ಮಾತನ್ನು ಮೊದಲು ನೋಡೋಣ. ಇಂದು ನಮ್ಮ ಕಣ್ಣಿಗೆ ಬೀಳುವ 1960ರ ದಶಕದ ಕಾರು ಉಳಿದುಕೊಂಡ ಕಾರು. ಅದರ ಜೊತೆ ಬಂದು ಗುಜರಿ ಸೇರಿದ ಸಾವಿರಾರು ಕಾರುಗಳು ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದದ್ದನ್ನು ಮಾತ್ರ ಎಣಿಸಿದರೆ ಯಾವ ಕಾಲದ ಯಂತ್ರವಾದರೂ ಚಿರಂಜೀವಿಯಾಗಿಯೇ ಕಾಣುತ್ತದೆ. ದಪ್ಪ ತಗಡು, ಭಾರವಾದ ಚಾಸಿ, ಪಟ್ಟಾ ಸ್ಪ್ರಿಂಗು ನಮ್ಮ ಕಲ್ಲುದಾರಿಗಳಿಗೆ ಹೇಳಿಮಾಡಿಸಿದಂತಿದ್ದವು, ನಿಜ. ಆದರೆ ಲೋಹದ ದಪ್ಪಕ್ಕೂ ಸವೆತದ ವೇಗಕ್ಕೂ ನೇರ ಸಂಬಂಧವಿಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರ್ ಇರಲಿ, ಅದರ ಓರಗೆಯ ಇತರ ಬ್ರಿಟಿಷ್ ಮೂಲದ ಕಾರುಗಳಿರಲಿ, ಸಾವಿರ ಮೈಲಿ ಓಡಿದಾಗಲೆಲ್ಲ ಮುಂಗಾಲಿಯ ಕೀಲುಗಳಿಗೆ ಗ್ರೀಸ್ ಗನ್ ಹಿಡಿಯಬೇಕು ಎಂಬುದು ಆ ಕಾಲದ ಕೈಪಿಡಿಗಳ ನಿಯಮ. ಪಾಯಿಂಟು, ಟ್ಯಾಪೆಟ್, ಬ್ರೇಕುಗಳನ್ನು ಆಗಾಗ ಹೊಂದಿಸುತ್ತಲೇ ಇರಬೇಕಿತ್ತು. ಲಕ್ಷ ಕಿಲೋಮೀಟರ್ ಮುಟ್ಟುವ ಮೊದಲೇ ಸಿಲಿಂಡರಿನ ಬೋರ್ ಸವೆದು ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸಿಕೊಳ್ಳುವುದು ಯಾರಿಗೂ ಹೊಸದಾಗಿರಲಿಲ್ಲ. ಅನೇಕ ಹಳೆಯ ಕಾರುಗಳ ಮೀಟರಿನಲ್ಲಿ ಐದೇ ಅಂಕಿ ಇದ್ದವು, 99,999 ದಾಟಿದರೆ ಸೊನ್ನೆಗೆ ಮರಳುತ್ತಿತ್ತು. ಅದಕ್ಕಿಂತ ಹೆಚ್ಚು ಓಡಿದ್ದರ ಲೆಕ್ಕ ಮೀಟರಿನಲ್ಲಿ ಉಳಿಯುತ್ತಿರಲಿಲ್ಲ. ಇಂದಿನ ಸಾಧಾರಣ ಕಾರೊಂದು ಎಂಜಿನ್ ಬಿಚ್ಚದೆಯೇ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ಹಳೆಯ ಗಾಡಿ ಬಾಳಿದ್ದು ಅದನ್ನು ಯಾರೋ ಬಿಡದೆ ನೋಡಿಕೊಂಡದ್ದರಿಂದ. ಶ್ರಮ ನೋಡಿಕೊಂಡವರದು, ಹೊಗಳಿಕೆ ಮಾತ್ರ ಗಾಡಿಯ ಪಾಲಾಗಿದೆ.

ಎರಡನೆಯ ವಾದ, ಸರಳತೆಯದು, ಹೆಚ್ಚು ಗಂಭೀರವಾದದ್ದು. ಬಾನೆಟ್ ಎತ್ತಿದರೆ ಕಾರ್ಬೊರೇಟರು, ಡೈನಮೋ, ಡಿಸ್ಟ್ರಿಬ್ಯೂಟರ್, ರೇಡಿಯೇಟರು ಎಲ್ಲ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುತ್ತವೆ. ಕೈ ಹಾಕಲು ಜಾಗವಿದೆ. ಆದರೆ ಕಾಣುವುದು ಬೇರೆ, ತಿಳಿಯುವುದು ಬೇರೆ. ಕಿಡಿಯ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟನ್ನೇ ಹತ್ತಿರದಿಂದ ನೋಡೋಣ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನಲ್ಲಿ ಪಾಯಿಂಟಿನ ಎರಡು ತುದಿಗಳ ನಡುವೆ ಇಂಚಿನ ಸಾವಿರದಲ್ಲಿ 15 ಭಾಗ, ಅಂದರೆ ಸುಮಾರು 0.38 ಮಿ.ಮೀ. ಅಂತರ ಇರಬೇಕು. ಫೀಲರ್ ಗೇಜು ತೂರಿಸಿ ಅಳೆದರೆ ಆಯಿತು ಎಂದು ಹೊಸಬರು ತಿಳಿಯುತ್ತಾರೆ. ಆದರೆ ಓಡಿದ ಪಾಯಿಂಟಿನಲ್ಲಿ ಒಂದು ತುದಿಯ ಲೋಹ ಕಿತ್ತು ಇನ್ನೊಂದಕ್ಕೆ ಅಂಟಿಕೊಂಡು, ಒಂದು ಕಡೆ ಸಣ್ಣ ಗುಳಿ, ಎದುರಿಗೆ ಸಣ್ಣ ಗುಬಟು ಎದ್ದಿರುತ್ತದೆ. ಚಪ್ಪಟೆಯಾದ ಗೇಜು ಗುಳಿಯೊಳಗೆ ಇಳಿಯುವುದಿಲ್ಲ. ಗುಬಟಿನ ನೆತ್ತಿಯ ಮೇಲೆ ಅಳತೆ ಸರಿಯಾಗಿದ್ದರೂ ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಇತ್ತ ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದಂತೆಲ್ಲ ಅಂತರ ಕಡಿಮೆಯಾಗುತ್ತಾ, ಟೈಮಿಂಗ್ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಗಾಡಿ ಏರು ಹತ್ತುವುದಿಲ್ಲ, ಬಿಸಿಯಾಗುತ್ತದೆ. ಮಾಲೀಕ ಕಾರ್ಬೊರೇಟರು ಬಿಚ್ಚಿ ಕೂರುತ್ತಾನೆ, ಸರಿಯಾಗಿದ್ದದ್ದನ್ನೂ ಕೆಡಿಸುತ್ತಾನೆ. ಆಮೇಲೆ ಎರಡು ದೋಷ.

ಬಿಸಿಲಿನಲ್ಲಿ ನಿಲ್ಲುವ ಗಾಡಿಯ ವಿಷಯ ಇನ್ನೂ ಹೆಚ್ಚಿನ ಪಾಠ ಹೇಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಧುಗಿರಿಯಿಂದ ಹೊರಟ ಹಳೆಯ ಪೆಟ್ರೋಲ್ ಕಾರು ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಇದಕ್ಕೆ ಕನಿಷ್ಠ ಮೂರು ಕಾರಣಗಳಿರಬಹುದು: ಬಿಸಿಗೆ ಕೈಕೊಡುವ ಇಗ್ನಿಷನ್ ಕಾಯಿಲ್, ಸೋರುವ ಕಂಡೆನ್ಸರ್, ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲು ಆವಿಯಾಗಿ ಕಟ್ಟಿಕೊಳ್ಳುವುದು. ಮೂರರ ಲಕ್ಷಣವೂ ಹೊರಗಿನಿಂದ ಒಂದೇ, ತಣ್ಣಗಾದರೆ ಮೂರೂ ಮಾಯ. ಗಾಡಿ ನಿಂತ ಆ ಕ್ಷಣದಲ್ಲೇ ಪ್ಲಗ್ಗಿನ ವೈರು ಕಿತ್ತು ಕಿಡಿ ಬರುತ್ತಿದೆಯೇ ನೋಡಬೇಕು. ಕಿಡಿ ಜೋರಾಗಿದ್ದರೆ ಪೆಟ್ರೋಲಿನ ಕಡೆ, ಇಲ್ಲದಿದ್ದರೆ ಕರೆಂಟಿನ ಕಡೆ ಹೋಗಬೇಕು. ಇಷ್ಟು ಗೊತ್ತಿರುವ ಡ್ರೈವರ್ ಐದು ನಿಮಿಷದಲ್ಲಿ ದೋಷ ಹಿಡಿಯುತ್ತಾನೆ, ಗೊತ್ತಿಲ್ಲದವನು ಐದು ಸಾವಿರದ ಸಾಮಾನು ಬದಲಿಸುತ್ತಾನೆ. ಆ ಡ್ರೈವರು ಇದನ್ನು ಕಲಿತದ್ದು ಕ್ಲೀನರ್ ಆಗಿ ವರ್ಷಗಟ್ಟಲೆ ಇನ್ನೊಬ್ಬರ ಕೈ ನೋಡಿ. ನಮಗೆ ಕಂಡದ್ದು ಅವನು ಉಪ್ಪುಕಾಗದ ಎಳೆದ ಎರಡು ನಿಮಿಷ ಮಾತ್ರ. ಎಸ್‌ಯು ಕಾರ್ಬೊರೇಟರಿನ ನೆತ್ತಿಯ ಡ್ಯಾಶ್‌ಪಾಟಿನಲ್ಲಿ ಸ್ವಲ್ಪ ಆಯಿಲ್ ಇರಬೇಕು, ಅದು ಒಣಗಿದರೆ ಆಕ್ಸಿಲರೇಟರ್ ತುಳಿದಾಗ ಗಾಡಿ ಮುಗ್ಗರಿಸುತ್ತದೆ ಎಂಬಂಥ ಮಾತು ಕಣ್ಣಿಂದ ಎಷ್ಟು ನೋಡಿದರೂ ಹೊಳೆಯುವುದಿಲ್ಲ. ಯಾರಾದರೂ ಹೇಳಿಕೊಡಬೇಕು.

ಆ “ಒಂದು ಸ್ಪ್ಯಾನರ್ ಸೆಟ್” ಎಂಬ ಮಾತೂ ಹಾಗೆಯೇ. ಫಿಯಟ್ ಇಟಲಿಯಿಂದ ಬಂದದ್ದು, ಅದರ ಬೋಲ್ಟುಗಳು ಮಿಲಿಮೀಟರ್ ಅಳತೆಯವು. ವಿಲ್ಲೀಸ್ ಮೂಲದ ಜೀಪು ಅಮೆರಿಕದ ಇಂಚಿನದು. ಬ್ರಿಟಿಷ್ ಮೂಲದ ಕಾರಿನಲ್ಲಿ ಬೇರೆ ಬೇರೆ ಕಾಲದ ಇಂಚಿನ ಮರೆಗಳು ಒಟ್ಟಿಗೇ ಸಿಗಬಹುದು. ಈಗ ಅಂಗಡಿಯಲ್ಲಿ ಸಿಗುವ ಮಿಲಿಮೀಟರ್ ಸೆಟ್ಟಿನ ಸ್ಪ್ಯಾನರು ಇಂಚಿನ ನಟ್ಟಿಗೆ ಹೆಚ್ಚುಕಡಿಮೆ ಕೂರುತ್ತದೆ. ಆ “ಹೆಚ್ಚುಕಡಿಮೆ”ಯಲ್ಲೇ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಚಾಣ ಸುತ್ತಿಗೆ ಹಿಡಿದು ಕಡಿಯಬೇಕು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ: “ಕಷ್ಟವಾದರೂ ಕಲಿಯಬಹುದಲ್ಲ, ಈಗಿನ ಗಾಡಿಯಲ್ಲಿ ಕಲಿಯಲೂ ಬಿಡುವುದಿಲ್ಲವಲ್ಲ.” ಇದನ್ನು ನಾನು ಒಪ್ಪುತ್ತೇನೆ. ಹೊಸ ಕಾರಿನ ದೋಷ ಹುಡುಕುವುದು ಎಷ್ಟೋ ಸಲ ಹಳೆಯದಕ್ಕಿಂತ ಸುಲಭ, ಸ್ಕ್ಯಾನರ್ ಸಿಕ್ಕಿಸಿದರೆ ಯಾವ ಸೆನ್ಸರು ಕೆಟ್ಟಿದೆ ಎಂಬ ಸುಳಿವು ಅದೇ ಕೊಡುತ್ತದೆ. ಆದರೆ ಆ ಸ್ಕ್ಯಾನರ್, ಸಾಫ್ಟ್‌ವೇರ್, ಕೈಪಿಡಿಗಳನ್ನು ಕಂಪನಿಗಳು ಬಿಗಿಯಾಗಿ ಹಿಡಿದಿಟ್ಟುಕೊಂಡಿವೆ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಸೇರಿಸಿದ್ದು ಇದೇ ಕಾರಣಕ್ಕೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಹೊಸ ಗಾಡಿಯ ತೊಂದರೆ ಅದು ಜಟಿಲ ಎಂಬುದಕ್ಕಿಂತ ಅದರ ತಿಳಿವಳಿಕೆಗೆ ಬೀಗ ಬಿದ್ದಿದೆ ಎಂಬುದು. ಹಳೆಯ ಗಾಡಿಯ ತಿಳಿವಳಿಕೆಗೆ ಬೀಗವಿಲ್ಲ, ಆದರೆ ಅದು ಯಾರಲ್ಲಿತ್ತೋ ಅವರು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಎರಡೂ ಕಡೆ ರಿಪೇರಿ ನಿಂತಿರುವುದು ತಿಳಿವಳಿಕೆ ಎಲ್ಲಿದೆ, ಯಾರ ಕೈಗೆ ಸಿಗುತ್ತದೆ ಎಂಬುದರ ಮೇಲೆ.

ಇದೇ ಮಾತು ಮೂರನೆಯ ವಾದವನ್ನು ಅಲುಗಾಡಿಸುತ್ತದೆ. ಹಳೆಯ ಕಾರಿನ ರಿಪೇರಿ ಯಾವತ್ತಾದರೂ ಮನೆಯಲ್ಲಿ ಆಗುತ್ತಿತ್ತೇ? ಮನೆಯ ಮುಂದೆ ಆಗುತ್ತಿದ್ದದ್ದು ಬಿಚ್ಚುವುದು ಮತ್ತು ಜೋಡಿಸುವುದು. ನಡುವಿನ ಕೆಲಸವೆಲ್ಲ ಬೇರೆಲ್ಲೋ ಆಗುತ್ತಿತ್ತು. ಬೋರ್ ಸವೆದರೆ ಬ್ಲಾಕನ್ನು ಇಳಿಸಿ ಬೋರಿಂಗ್ ಯಂತ್ರವಿರುವ ಕಡೆ ಒಯ್ಯಬೇಕು. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಥೌ (ಇಂಚಿನ ಸಾವಿರದ ಭಾಗ) ಎಂದು ಓವರ್‌ಸೈಜ್ ಪಿಸ್ಟನ್ನಿಗೆ ತಕ್ಕಂತೆ ಕೊರೆಯಬೇಕು, ಅದೂ ಮುಗಿದರೆ ಸ್ಲೀವ್ ಹಾಕಿಸಬೇಕು. ಮುಂಗಾಲಿಗೆ ಹೊಸ ಬುಷ್ ಬಡಿದ ಮೇಲೆ ಅದನ್ನು ರೀಮರ್ ಎಳೆದು ಪಿನ್ನಿಗೆ ಸರಿಹೊಂದಿಸಬೇಕು. ಬ್ರೇಕ್ ಸಿಲಿಂಡರಿನೊಳಗೆ ಗುಳಿ ಬಿದ್ದಿದ್ದರೆ ಲೇತಿನಲ್ಲಿ ಹಿತ್ತಾಳೆಯ ಸ್ಲೀವು ಕೂರಿಸಬೇಕು. ರೇಡಿಯೇಟರ್ ಕಟ್ಟಿದರೆ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ಕಂಬಿ ಆಡಿಸಿ, ಮತ್ತೆ ಬೆಸೆಯುವವರು ಬೇಕು. ಸೀಟಿಗೆ ಟೇಲರು, ತಗಡಿಗೆ ಟಿಂಕರ್, ಬಣ್ಣಕ್ಕೆ ಪೇಂಟರ್ ಬೇಕು. ಇವರಾರೂ ನಮ್ಮ ಮನೆಯವರಲ್ಲ.

ಇವರೆಲ್ಲ ಈ ಊರುಗಳಲ್ಲಿ ನೆಲೆ ನಿಂತದ್ದು ಕಾರುಗಳಿಂದಲೂ ಅಲ್ಲ ಎಂಬುದು ನನಗೆ ಇಡೀ ವಿಷಯದ ಅತಿ ಮುಖ್ಯ ಸಂಗತಿಯಾಗಿ ಕಾಣುತ್ತದೆ. ಶಿರಾದಲ್ಲಿ ಗ್ಯಾರೇಜುಗಳು ಬೆಳೆದದ್ದು ಬೆಂಗಳೂರು–ಪುಣೆ ಹೆದ್ದಾರಿಯ (ಆಗ ನಾಲ್ಕನೇ ನಂಬರು, ಈಗ 48) ಲಾರಿಗಳನ್ನು ನಂಬಿ. ಮಧುಗಿರಿ, ಕೊರಟಗೆರೆ, ಪಾವಗಡದ ಲೇತುಗಳು ತಿರುಗಿದ್ದು ಟ್ರ್ಯಾಕ್ಟರ್, ಕಡಲೆಕಾಯಿ ಮಿಲ್ಲು, ಬೋರ್‌ವೆಲ್ ಪಂಪುಗಳ ಕೆಲಸಕ್ಕೆ. ಪಂಪ್‌ಸೆಟ್ಟಿನ ಮೋಟರು ಸುಟ್ಟುಹೋಗುವುದು ಮಾಮೂಲಿಯಾದ ಈ ಸೀಮೆಯಲ್ಲಿ ವೈಂಡಿಂಗ್ ಅಂಗಡಿಗಳು ಬೀದಿ ಬೀದಿಗೆ ಬಂದವು. ತಾಮ್ರದ ತಂತಿ ಸುತ್ತಿ ಅಭ್ಯಾಸವಾದ ಕೈಗೆ ಡೈನಮೋ, ಸೆಲ್ಫ್ ಮೋಟರಿನ ಆರ್ಮೇಚರ್ ತೀರಾ ಹೊಸದಾಗಿರಲಿಲ್ಲ. ಅಂದರೆ ಹಳೆಯ ಕಾರು ಬದುಕಿದ್ದು ತನ್ನದಲ್ಲದ ಕಸುಬುಗಳ ನೆರಳಿನಲ್ಲಿ. ಬೇಸಾಯದ ಯಂತ್ರಗಳೂ ಲಾರಿಗಳೂ ಊರಿನ ಕಸುಬನ್ನು ಹೊಟ್ಟೆ ತುಂಬಿಸಿ ಸಾಕಿದವು, ಆ ಕಸುಬು ಬಿಡುವಿನಲ್ಲಿ ಕಾರನ್ನು ಉಳಿಸಿಕೊಟ್ಟಿತು. ರಿಪೇರಿಯಾಗುವ ಗುಣ ಕಾರಿನ ಲೋಹದಲ್ಲಿ ಅಡಗಿದೆ ಎಂದು ನಾವು ತಿಳಿದೆವು. ಅದು ಕಾರಿಗೂ ಊರಿಗೂ ನಡುವೆ ಇತ್ತು.

ಇದು ನಿಜವಾದರೆ ಒಂದು ಪರಿಣಾಮವನ್ನು ನಿರೀಕ್ಷಿಸಬೇಕು: ಕಾರು ಎಳ್ಳಷ್ಟೂ ಬದಲಾಗದಿದ್ದರೂ ಸುತ್ತಲಿನದು ಬದಲಾದರೆ ರಿಪೇರಿ ಕಷ್ಟವಾಗಬೇಕು. ಆಗಿರುವುದೂ ಅದೇ. ಮೊದಲಿಗೆ ನೀರು. ಬಾವಿ, ಕೆರೆಗಳ ನೀರು ಬತ್ತಿ ಆಳದ ಬೋರ್‌ವೆಲ್ ನೀರೇ ಗತಿಯಾದ ಮೇಲೆ ರೇಡಿಯೇಟರಿಗೂ ಅದನ್ನೇ ಸುರಿದೆವು. ಪಾವಗಡದ ನೀರು ಎಂದರೆ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತದೆ. ಅದು ಮನುಷ್ಯರ ಹಲ್ಲು, ಮೂಳೆಗಳಿಗೆ ದೊಡ್ಡ ಕೇಡು. ಎಂಜಿನ್ನಿಗೆ ಕೇಡು ಮಾಡುವುದು ಆ ನೀರಿನ ಗಡಸುತನ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಗೆ ಬೇರ್ಪಟ್ಟು ಸಿಲಿಂಡರಿನ ಸುತ್ತ, ರೇಡಿಯೇಟರಿನ ಕೊಳವೆಗಳಲ್ಲಿ, ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವ ಹಾಗೆ ಬಿಳಿ ಹೊರೆ ಕಟ್ಟುತ್ತವೆ. ಆ ಹೊರೆ ಶಾಖವನ್ನು ಹೊರಗೆ ಬಿಡುವುದಿಲ್ಲ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ, ಹೆಡ್ ಡೊಂಕಾಗುತ್ತದೆ. “ಹಳೇ ಗಾಡಿ ಹೀಟ್ ಆಗೋದು ಸಹಜ” ಎಂದು ಸುಮ್ಮನಾಗುತ್ತೇವೆ. ಸಹಜವೇನೂ ಅಲ್ಲ. ಕುಡಿಯಲು ತರುವ ಶುದ್ಧ ನೀರಿನ ಘಟಕದ ನೀರಿಗೇ ಸರಿಯಾದ ಪ್ರಮಾಣದ ಕೂಲೆಂಟ್ ಬೆರೆಸಿ ಹಾಕಿದರೆ ಹೊಸ ಹೊರೆ ಕಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆ. ಇದು ಮನೆಯಲ್ಲಿ ಮಾಡಬಹುದಾದ ಕೆಲಸ, ಬೋರಿಂಗ್‌ಗಿಂತ ಎಷ್ಟೋ ಪಾಲು ಅಗ್ಗ.

ಆಮೇಲೆ ಪೆಟ್ರೋಲು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಜನರ ಆರೋಗ್ಯಕ್ಕೆ ಅದು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎರಕದ ಕಬ್ಬಿಣದ ಹೆಡ್ಡಿನಲ್ಲೇ ವಾಲ್ವ್ ಸೀಟು ಕಡೆದಿದ್ದ ಹಳೆಯ ಎಂಜಿನ್ನುಗಳಿಗೆ ಆ ಸೀಸವೇ ಒಂದು ತೆಳು ಹಾಸಿನಂತೆ ಕೆಲಸ ಮಾಡುತ್ತಿತ್ತು. ಅದಿಲ್ಲದೆ ಜೋರಾಗಿ ಓಡಿಸಿದರೆ ಸೀಟು ಸವೆದು ವಾಲ್ವ್ ಒಳಗಿಳಿಯುತ್ತದೆ, ಟ್ಯಾಪೆಟ್ ಅಂತರ ತಾನಾಗಿ ಕಡಿಮೆಯಾಗುತ್ತದೆ. ಈಗ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಸಿಕ್ಕಿತು. ಎಥನಾಲ್ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನು ಮೆತ್ತಗೆ ಮಾಡುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ದಿನಾ ಓಡುವ ಗಾಡಿಗಿಂತ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಟ್ಯಾಂಕು, ಫ್ಲೋಟ್ ಚೇಂಬರುಗಳಿಗೆ ಇದರ ಕಾಟ ಹೆಚ್ಚು. ಒಣ ಸೀಮೆಯಾದ್ದರಿಂದ ಇಲ್ಲಿ ತಗಡಿಗೆ ತುಕ್ಕು ಕಡಿಮೆ, ಕರಾವಳಿಯ ಕಾರಿಗಿಂತ ನಮ್ಮ ಕಾರಿನ ಮೈ ಹೆಚ್ಚು ಕಾಲ ನಿಲ್ಲುತ್ತದೆ. ಅದನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಅದೇ ಒಣಹವೆಗೆ ಸೀಲು, ಬೀಡಿಂಗು, ಟೈರುಗಳು ಬಿರಿಯುತ್ತವೆ, ಪೆಟ್ರೋಲ್ ಪೈಪು ಬಿರಿದರೆ ಗಾಡಿ ಹೊತ್ತಿಕೊಳ್ಳಲೂಬಹುದು.

“ಬೇಕಾದ ಸಾಮಾನು ಆನ್‌ಲೈನಿನಲ್ಲಿ ಸಿಗುತ್ತದೆ, ಕೆಲಸ ಯೂಟ್ಯೂಬಿನಲ್ಲಿ ಕಲಿಯಬಹುದು, ಊರಿನ ಹಂಗು ಏಕೆ?” ಎಂಬುದು ಈ ಕಾಲದ ಆಕ್ಷೇಪ. ಅರ್ಧ ಸರಿ. ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತಿತ್ತು. ಆದರೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಜಾಲತಾಣಗಳಲ್ಲಿ ಅವುಗಳ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ವಿಡಿಯೋ ನೋಡಿ ಕಾರ್ಬೊರೇಟರ್ ಬಿಚ್ಚಲು ಕಲಿಯಬಹುದು, ಎಷ್ಟೋ ಹುಡುಗರು ಚೆನ್ನಾಗಿಯೇ ಕಲಿತಿದ್ದಾರೆ. ಆದರೆ ಅಂಚೆಯಲ್ಲಿ ಬಂದ ಪಿಸ್ಟನ್ ನಮ್ಮ ಬ್ಲಾಕಿಗೆ ಕೂರಬೇಕಾದರೆ ನಮ್ಮ ಬ್ಲಾಕನ್ನು ಯಾರೋ ಕೊರೆಯಲೇಬೇಕು. ನಟ್ಟು ಎಷ್ಟು ಬಿಗಿದರೆ ಸಾಕು ಎಂಬುದನ್ನು ವಿಡಿಯೋ ತೋರಿಸಬಹುದು, ಇನ್ನೊಂದು ಸುತ್ತು ತಿರುಗಿಸಿದರೆ ಮರೆ ಕಿತ್ತುಬರುತ್ತದೆ ಎಂದು ಕೈಗೆ ಆಗುವ ಸೂಚನೆಯನ್ನು ತೋರಿಸಲಾರದು. ವಿಡಿಯೋ ನಮ್ಮ ಎಂಜಿನ್ನಿನ ಸದ್ದು ಕೇಳಿ “ಬಿಗ್‌ಎಂಡ್ ಬೇರಿಂಗ್ ಹೋಗಿದೆ, ಓಡಿಸಬೇಡಿ” ಎಂದು ತಡೆಯುವುದಿಲ್ಲ. ತಡೆಯುವವರಿಲ್ಲದ ಕಲಿಕೆ ದುಬಾರಿಯದು.

ಅಪಾಯದ್ದೂ ಹೌದು. ಮನೆ ರಿಪೇರಿಯನ್ನು ಹೊಗಳುವವರು ಈ ಮಾತನ್ನು ಎತ್ತುವುದೇ ಇಲ್ಲವಾದ್ದರಿಂದ ಬಿಡಿಸಿ ಹೇಳಬೇಕು. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿ, ಒಳಗಿನ ಬೂದಿಯಂಥ ಧೂಳನ್ನು ಬಾಯಿಂದಲೋ ಗಾಳಿ ಪಂಪಿನಿಂದಲೋ ಊದಿದರೆ ಆ ನಾರು ಶ್ವಾಸಕೋಶ ಸೇರುತ್ತದೆ. ಅಂಗಳದಲ್ಲಿ ಆಡುವ ಮಕ್ಕಳ ಶ್ವಾಸಕೋಶವನ್ನೂ ಸೇರುತ್ತದೆ. ಅದರ ಕೇಡು ಕಾಣುವುದು ದಶಕಗಳ ನಂತರ. ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಬಾರದು. ಕಲ್ಲು, ಇಟ್ಟಿಗೆ ಆಸರೆ ಕೊಟ್ಟರೆ ಸಾಲದು, ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಬಿಡಿಭಾಗ ತೊಳೆಯಲು ಪೆಟ್ರೋಲ್ ಬಳಸಬಾರದು. ತೆಗೆದ ಆಯಿಲನ್ನು ತೆಂಗಿನ ಬುಡಕ್ಕೋ ಚರಂಡಿಗೋ ಸುರಿಯಬಾರದು, ನಾವು ಕುಡಿಯುವುದು ಅದೇ ನೆಲದಡಿಯ ನೀರನ್ನು. ಬ್ರೇಕ್, ಸ್ಟೇರಿಂಗುಗಳ ಕೆಲಸವನ್ನು ಮನೆಯಲ್ಲಿ ಮಾಡಿದರೂ ರಸ್ತೆಗೆ ಇಳಿಸುವ ಮೊದಲು ಅನುಭವವಿರುವ ಇನ್ನೊಬ್ಬರು ನೋಡಲೇಬೇಕು. ಅದು ತಪ್ಪಿದರೆ ಪೆಟ್ಟು ತಿನ್ನುವವರು ಮಾಲೀಕರೊಬ್ಬರೇ ಅಲ್ಲ.

ಹಾಗಾದರೆ ಮನೆಗೆ ಉಳಿಯುವುದೇನು? ಬಹಳ ಉಳಿಯುತ್ತದೆ. ಗ್ರೀಸು, ಆಯಿಲ್, ಕೂಲೆಂಟ್, ಪ್ಲಗ್, ಪಾಯಿಂಟ್, ಟ್ಯಾಪೆಟ್, ಬ್ಯಾಟರಿ ಟರ್ಮಿನಲ್, ಪೈಪುಗಳ ತಪಾಸಣೆ, ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದು. ಇದನ್ನೆಲ್ಲ ಮೇಸ್ತ್ರಿಗಿಂತ ಮಾಲೀಕರೇ ಚೆನ್ನಾಗಿ ಮಾಡಬಲ್ಲರು, ಏಕೆಂದರೆ ಇದಕ್ಕೆ ಬೇಕಾದದ್ದು ಯಂತ್ರಗಳಿಗಿಂತ ಹೆಚ್ಚಾಗಿ ಸಮಯ ಮತ್ತು ನಿಗಾ. ನೋಡಿಕೊಳ್ಳುವುದು ಮನೆಯ ಕೆಲಸ, ರಿಪೇರಿ ಊರಿನ ಕೆಲಸ. ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಇಟ್ಟಿಗೆಯ ಮೇಲೆ ಕೂತ ಆ ಅರೆಬಿಚ್ಚಿದ ಕಾರುಗಳು.

ಕಾರಿನ ಗುಣವೆಲ್ಲ ಅದರ ಲೋಹದಲ್ಲೇ ಇದೆ ಎಂಬ ಗೊಂದಲವನ್ನು ಕಾನೂನೂ ಇನ್ನೊಂದು ದಿಕ್ಕಿನಿಂದ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದ ಗಾಡಿ ಮಾತ್ರ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯ, ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿಯಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಯಬಹುದು. ಇನ್ನೊಂದು ಕಡೆ 15 ವರ್ಷ ದಾಟಿದ ಸಾಧಾರಣ ಕಾರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದರು. ಮಧುಗಿರಿಯ ಕೆಎ-64 ಕಚೇರಿಗೆ ಬರುವ ಹಳೆಯ ಕಾರು 1985ರದ್ದಾಗಿದ್ದರೆ ಅದು ಪರಂಪರೆಯೂ ಅಲ್ಲ, ಪ್ರಯೋಜಕವೂ ಅಲ್ಲ ಎಂಬ ನಡುಸ್ಥಿತಿಯಲ್ಲಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು “ಮೂಲ ರೂಪ” ಎಂಬ ಷರತ್ತಿನಲ್ಲಿದೆ. ನಮ್ಮ ಕಡೆಯ ಅಂಬಾಸಿಡರ್, ಜೀಪುಗಳು ಉಳಿದದ್ದೇ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದರಿಂದ, ಬೇರೆ ಗಾಡಿಯ ಗೇರ್‌ಬಾಕ್ಸು, ಟ್ರ್ಯಾಕ್ಟರಿನ ಬೇರಿಂಗು ಹೊಂದಿಸಿದ್ದರಿಂದ. ಅವುಗಳನ್ನು ಬದುಕಿಸಿದ ಕೆಲಸವೇ ಅವುಗಳ ಪರಂಪರೆಯ ಅರ್ಹತೆಯನ್ನು ಕಳೆಯಿತು.

ನಿಯಮ ಮಾಡಿದವರ ಕಡೆಗೂ ಕಾರಣವಿದೆ. ಮಾರ್ಪಾಡಿಗೆ ಮಿತಿ ಇಲ್ಲದಿದ್ದರೆ ಹಳೆಯ ನಂಬರ್ ಪ್ಲೇಟಿನ ಹಿಂದೆ ಹೊಸ ಗಾಡಿಯೇ ನಿಂತೀತು, ಕದ್ದ ಮಾಲು ಪರಂಪರೆಯಾದೀತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ತಡೆ ಹಾಕಿರುವುದು ಸುರಕ್ಷತೆಗಾಗಿ. ಒಪ್ಪೋಣ. ಆದರೆ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷದ ಗಾಡಿಯನ್ನೇ ಐತಿಹಾಸಿಕ ಎಂದು ಎಣಿಸುತ್ತದೆ. 2012ರಲ್ಲಿ ಅದು ಒಪ್ಪಿದ ಟುರಿನ್ ಸನ್ನದು, ಗಾಡಿ ಬಳಕೆಯಲ್ಲಿದ್ದಾಗ ಆದ ಬದಲಾವಣೆಗಳೂ ಅದರ ಇತಿಹಾಸಕ್ಕೇ ಸೇರಿದವು ಎಂಬ ನಿಲುವನ್ನು ತಳೆದಿದೆ, ಅಂಥ ಗಾಡಿಗಳಿಗೆ ಬೇಕಾದ ಕಸುಬುಗಳನ್ನು ಉಳಿಸುವುದೂ ಸಂರಕ್ಷಣೆಯೇ ಎನ್ನುತ್ತದೆ. ದಾಖಲೆ ಇರುವ, ತಪಾಸಣೆಯಲ್ಲಿ ಗೆದ್ದ, ಹಳೆಯ ಕಾಲದಲ್ಲೇ ಆದ ಮಾರ್ಪಾಡನ್ನು ಮಾನ್ಯ ಮಾಡಲು ನಮ್ಮ ನಿಯಮದಲ್ಲೂ ಜಾಗ ಮಾಡಬಹುದು. ಶಿರಾದ ಮೇಸ್ತ್ರಿಯೊಬ್ಬರು ನಲವತ್ತು ವರ್ಷದ ಹಿಂದೆ ಜೀಪಿಗೆ ಹೊಂದಿಸಿದ ಡೀಸೆಲ್ ಎಂಜಿನ್ನು ಆ ಜೀಪಿನ ಕಥೆಯ ಭಾಗವೇ ಹೌದು. ಅದನ್ನು ಕಿತ್ತು, ಎಲ್ಲಿಂದಲೋ ತಂದ ಪೆಟ್ರೋಲ್ ಎಂಜಿನ್ ಕೂರಿಸಿ “ಮೂಲ ರೂಪ” ಎನ್ನುವುದರಲ್ಲಿ ನನಗೆ ಹೆಚ್ಚಿನ ಪ್ರಾಮಾಣಿಕತೆ ಕಾಣುವುದಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ನೇರವಾದದ್ದು: ಇಷ್ಟೆಲ್ಲ ಬೇಕಾದರೆ ಹಳೆಯ ಕಾರನ್ನು ಇಟ್ಟುಕೊಳ್ಳುವುದೇಕೆ, ಗುಜರಿಗೆ ಹಾಕಬಾರದೇ? ಹೊಗೆಯ ಲೆಕ್ಕ ಹಿಡಿದರೆ ಕಿಲೋಮೀಟರಿಗೆ ಹಳೆಯ ಕಾರು ಹೆಚ್ಚು ಕೊಳಕು, ಅದನ್ನು ದಿನನಿತ್ಯ ಓಡಿಸಲು ನಾನು ಯಾರಿಗೂ ಹೇಳುವುದಿಲ್ಲ. ತಿಂಗಳಿಗೆ ನೂರಿನ್ನೂರು ಕಿಲೋಮೀಟರ್ ಓಡುವ ಗಾಡಿಗೆ ಆ ವಾದ ಅಷ್ಟಾಗಿ ನಾಟುವುದಿಲ್ಲ. ನಾನು ಇಟ್ಟುಕೊಳ್ಳಿ ಎನ್ನುವುದಕ್ಕೆ ಕಾರಣ ಬೇರೆ. ಬೋರಿಂಗು, ರೀಮಿಂಗು, ಬೆಸುಗೆ, ವೈಂಡಿಂಗು ಬಲ್ಲ ಕೈಗಳು ಊರಿನಲ್ಲಿದ್ದರೆ ರೈತನ ಟ್ರ್ಯಾಕ್ಟರ್ ಬಿತ್ತನೆಯ ಹೊತ್ತಿಗೆ ಹೊಲಕ್ಕೆ ಇಳಿಯುತ್ತದೆ, ಪಂಪು ಬೆಳೆ ಒಣಗುವ ಮೊದಲು ನೀರೆತ್ತುತ್ತದೆ. ಸಾಮಾನನ್ನು ರಿಪೇರಿ ಮಾಡದೆ ಬದಲಿಸುವುದೇ ಅಭ್ಯಾಸವಾದ ಮೇಲೆ ಈ ಕೈಗಳಿಗೆ ಕೆಲಸ ಕಡಿಮೆಯಾಗಿದೆ. ಒಂದು ಕಾಲದಲ್ಲಿ ಬೇಸಾಯದ ಯಂತ್ರಗಳು ಸಾಕಿದ ಕಸುಬು ಕಾರುಗಳನ್ನು ಉಳಿಸಿತು. ಈಗ ಹಳೆಯ ಕಾರುಗಳ ಮಾಲೀಕರು ಆ ಕಸುಬಿಗೆ ಅಷ್ಟಿಷ್ಟು ಕೆಲಸ ಕೊಡುವ ಸ್ಥಿತಿಯಲ್ಲಿದ್ದಾರೆ. ಆದ್ದರಿಂದ ಬ್ಲಾಕನ್ನು ನೇರ ಬೆಂಗಳೂರಿಗೆ ಕಳಿಸುವ ಮೊದಲು ಮಧುಗಿರಿಯ ಲೇತಿನವರಲ್ಲಿ ಕೇಳಬೇಕು. ಕೇಳಿದ ಕೂಲಿ ಕೊಡಬೇಕು. ಕೆಲಸ ಕಲಿಯಲು ಬಂದ ಹುಡುಗ ಪಕ್ಕದಲ್ಲಿ ನಿಂತು ನೋಡುವುದರಿಂದ ಎರಡು ದಿನ ಹೆಚ್ಚಾದರೆ ಆಗಲಿ ಎನ್ನಬೇಕು. ಮತ್ತು ಪ್ರತಿ ಕಾರಿಗೂ ಒಂದು ನೋಟ್ ಬುಕ್ಕು ಇಡಬೇಕು: ಬೋರ್ ಎಷ್ಟು ಓವರ್‌ಸೈಜಿಗೆ ಹೋಗಿದೆ, ಯಾವ ಬೇರಿಂಗು ಯಾವ ಗಾಡಿಯದು, ಯಾವ ನಟ್ಟು ಇಂಚಿನದು, ಯಾವುದು ಮಿಲಿಮೀಟರಿನದು, ಯಾವ ವೈರು ಎಲ್ಲಿಗೆ ಹೋಗುತ್ತದೆ, ಯಾವ ಊರಿನ ಯಾರು ಯಾವ ಕೆಲಸ ಮಾಡಿದರು. ಅದರ ಒಂದು ಪ್ರತಿ ಗ್ಯಾರೇಜಿನಲ್ಲೂ ಇರಬೇಕು, ಕನ್ನಡದಲ್ಲಿ ಇರಬೇಕು, ಇನ್ನೂ ಕೆಲಸ ಕಲಿಯುತ್ತಿರುವ ಹುಡುಗನೂ ಓದಿ ತಿಳಿದುಕೊಳ್ಳುವಷ್ಟು ಬಿಡಿಸಿ ಬರೆದಿರಬೇಕು.